ಪಹಣಿ ಇದ್ದವರಿಗೆ ಮಾತ್ರ ಅಪಾಯ

ಕಳೆದ ತಿಂಗಳು ನನಗೊಂದು ನೋಟಿಸ್ ಬಂತು. ನಾನು ಅಪಾಯದಲ್ಲಿದ್ದೇನಂತೆ!

ನಾನಿರುವುದು ಶಿಕಾರಿಪುರ ಪೇಟೆಯೊಳಗೆ. ಕುಡಿಯುವುದು ಫಿಲ್ಟರ್ ನೀರು. ಅಪಾಯ ಎಲ್ಲಿಂದ ಬಂತು? ಓದಿದರೆ ವಿಷಯ ತಿಳಿಯಿತು. ಶಿರಾಳಕೊಪ್ಪದಾಚೆ, ಸೊರಬದ ರಸ್ತೆಯಲ್ಲಿ, ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಹೊಸ ಕಾರ್ಖಾನೆ ಬರಲಿದೆ. ಪಕ್ಕದಲ್ಲೇ ನನ್ನದೂ ಅರ್ಧ ಎಕರೆ ಇದೆ. (ಅದರ ಮುಖ ನೋಡಿ ಎರಡು ವರ್ಷವಾಗಿರಬೇಕು.) ಹಾಗಾಗಿ ಕಂಪನಿಯವರು ಮಾಡಿಸಿದ ಪರಿಸರ ರಿಪೋರ್ಟಿನಲ್ಲಿ, ‘ಬಾಧಿತರಾಗಬಹುದಾದವರ’ ಪಟ್ಟಿಯಲ್ಲಿ, ನನ್ನ ಹೆಸರು. ಅಹವಾಲು ಸಭೆಗೆ ಆಹ್ವಾನ ಬೇರೆ.

ಹೋದೆ. ಮುಂದಿನ ಸಾಲಿನಲ್ಲಿ ಕುರ್ಚಿ, ಟೀ, ಬಿಸ್ಕತ್ತು.

ಹಿಂದೆ ಬಾಗಿಲ ಹತ್ತಿರ ಜುಬೇದಾಬಿ ನಿಂತಿದ್ದರು. ಎಷ್ಟೋ ವರ್ಷದಿಂದ ಆ ಅರ್ಧ ಎಕರೆ ಮಾಡುತ್ತಿರುವುದು ಅವರೇ. (ಕಾಗದ ಪತ್ರ ಇಲ್ಲ, ಬರೀ ಬಾಯಿಮಾತು.) ಅಲ್ಲೇ ಮನೆ, ಅಲ್ಲೇ ಬಾವಿ. ಸೊಪ್ಪು ಬೆಳೆದು ಶಿರಾಳಕೊಪ್ಪದ ಸಂತೆಗೆ ತರುತ್ತಾರೆ. ಮೊಮ್ಮಕ್ಕಳು ಕುಡಿಯುವುದು ಅದೇ ಬಾವಿಯ ನೀರು. ಪಟ್ಟಿಯಲ್ಲಿ ಅವರ ಹೆಸರು ಹುಡುಕಿದೆ. ಇಲ್ಲ!

ರಿಪೋರ್ಟ್ ಬರೆದ ಕನ್ಸಲ್ಟೆಂಟ್ ಮಹಾಶಯರನ್ನು ಕೇಳಿದೆ. ಪಟ್ಟಿಯನ್ನು ಪಹಣಿ ನೋಡಿ ಮಾಡಿದ್ದಂತೆ. ಮನೆಮನೆಗೆ ಹೋಗುವುದು ಅವರ ಪ್ಲಾನ್‌ನಲ್ಲೇ ಇರಲಿಲ್ಲವಂತೆ. ಅಲ್ಲ ಸ್ವಾಮಿ, ಯಾರು ಯಾವ ನೀರು ಕುಡಿಯುತ್ತಾರೆಂದು ಕೇಳದೆ ಅಪಾಯ ಅಳೆಯುವುದು ಹೇಗೆ? ಬಾಡಿಗೆಯವನಿಗೆ ಜ್ವರ ಬಂದರೆ ಮನೆ ಓನರ್ ನಾಡಿ ಹಿಡಿಯುತ್ತೀರಾ?

ಜುಬೇದಾಬಿ ಮೈಕ್ ಕೇಳಿದರು. ಸಭೆ ನಡೆಸುತ್ತಿದ್ದ ಅಧಿಕಾರಿ ಸರ್ವೆ ನಂಬರ್ ಕೇಳಿದರು. ಇಲ್ಲ ಎಂದಾಗ, ಜಮೀನಿನ ಮಾಲೀಕರೇ ಮಾತಾಡಲಿ ಎಂದು ಮೈಕನ್ನು ನನ್ನ ಕೈಗೆ ಕೊಡಿಸಿದರು. ಮೈಯೆಲ್ಲ ಉರಿದುಹೋಯಿತು.

“ನಂಗೆ ಜಮೀನು ಬ್ಯಾಡ್ರೀ ಸಾಹೇಬ್ರ,” ಎಂದರು ಜುಬೇದಾಬಿ ನಿಂತಲ್ಲಿಂದಲೇ. “ಕಾರ್ಖಾನಿ ಬಂದ್ಮ್ಯಾಲೆ ಆ ಬಾವಿ ನೀರು ಮಕ್ಕಳಿಗೆ ಕುಡಿಸಬೋದೋ ಇಲ್ಲೋ, ಅಷ್ಟು ಹೇಳ್ರಿ ಸಾಕು.”

ಅದೇ ಪ್ರಶ್ನೆಯನ್ನು ನಾನು ಮೈಕಿನಲ್ಲಿ ಕೇಳಿದೆ, ಅವರ ಹೆಸರು ಹೇಳಿಯೇ ಕೇಳಿದೆ. ಗುಮಾಸ್ತರು ತಲೆಯೆತ್ತದೆ ಬರೆದುಕೊಂಡರು. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ, ನಾನೂ ಎಂಥ ಪೆದ್ದ!

ನಿನ್ನೆ ಸಭೆಯ ನಡಾವಳಿಯ ಪ್ರತಿ ಕೈಗೆ ಬಂತು. ಅದರಲ್ಲಿ ಜುಬೇದಾಬಿ ಇಲ್ಲ, ಬಾವಿಯೂ ಇಲ್ಲ. ನನ್ನ ಹೆಸರಿನ ಮುಂದೆ ಒಂದೇ ಸಾಲು: ‘ಭೂಮಾಲೀಕರು ಸೂಕ್ತ ಪರಿಹಾರಧನ ಕೋರಿದರು.’ ಯಾವಾಗ ಕೋರಿದೆ? ಯಾರ ಹತ್ತಿರ ಕೋರಿದೆ? ಇದನ್ನೇ ಮೇಲಿನವರಿಗೆ ಕಳಿಸಿ, ಕಾನೂನಿನ ಪ್ರಕಾರ ಜನರ ಮಾತು ಕೇಳಿದ್ದೇವೆ ಎನ್ನುತ್ತಾರೆ.

ಬರುವ ಸಂತೆಯಲ್ಲಿ ಜುಬೇದಾಬಿ ಸಿಗುತ್ತಾರೆ. “ಬಾವಿ ವಿಚಾರ ಏನಾತ್ರೀ?” ಎಂದು ಕೇಳಿದರೆ, ನನಗೆ ದುಡ್ಡು ಬರುತ್ತದೆ ಎನ್ನಲೇ?