ಸಿಂಹಳದ ನೀರಿಗೆ ಹೇಸಿದ ಅಣ್ಣ

ಸಿಂಹಳಕ್ಕೆ ಹೊರಡುವ ಹಿಂದಿನ ದಿನವೂ ಅಣ್ಣ ಸ್ನಾನ ಮಾಡಿದ್ದು ಗುಲಾಬಿಯ ಪಾತಿಯಲ್ಲಿ ನಿಂತೇ. ಮೈಮೇಲೆ ಬಿದ್ದ ನೀರು ಗಿಡಕ್ಕೆ ಹೋಗಬೇಕು, ಒಂದು ಹನಿಯೂ ದಂಡವಾಗಬಾರದು ಎಂಬುದು ಅವನ ಹಟ. ಆಮೇಲೆ ಕೊರಳಿನ ಕರಡಿಗೆ ತೆರೆದು, ಲಿಂಗವನ್ನು ಎಡಗೈಯಲ್ಲಿಟ್ಟು ಚಾಚಿದ. ನಾನು ಕೊಡ ಎತ್ತಿ ನೀರು ಬಿಟ್ಟೆ.

"ಇನ್ನೊಂಚೂರು ಮ್ಯಾಲಿಂದ ಬಿಡಲೇ ತಮ್ಮಾ. ಶಿವನ ತಲಿ ಮ್ಯಾಲ ಧಾರಿ ಬೀಳಬೇಕು."

"ನನ್ನ ತೋಳು ಬೀಳಾಕತ್ತಾವ."

"ತೋಳು ಬಿದ್ರ ಬೀಳ್ಲಿ, ಕೊಡ ಬೀಳಿಸಬ್ಯಾಡ."

ಅಣ್ಣನ ಹೆಸರು ಶರಣಪ್ಪ. ನಮ್ಮದು ಪಾಮನಕಲ್ಲೂರು. ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಸಾಹೇಬರೊಬ್ಬರ ಬಂಗಲೆಯಲ್ಲಿ ಅವನು ಮಾಲಿ, ನಾನು ಅದೇ ಊರಿನ ಕಚೇರಿಯಲ್ಲಿ ಗುಮಾಸ್ತ. ರಜೆಯಲ್ಲಿ ಸಿಂಹಳ ದ್ವೀಪದ ಜಲಪಾತಗಳನ್ನೂ ಸಸ್ಯತೋಟಗಳನ್ನೂ ನೋಡಲು ಹೊರಟ ಸಾಹೇಬರು ಸಸಿ ಆರಿಸಲೆಂದು ಅಣ್ಣನನ್ನು ಕರೆದೊಯ್ದರು.

ತಿಂಗಳಾದ ಮೇಲೆ ಬಂದವನನ್ನು ಓಣಿಯ ಜನ ಸುತ್ತುವರಿದು ಕೂತರು.

"ಥೂ, ಅದೂ ಒಂದು ಊರೇನ್ರಿ! ಉಟ್ಟ ಅರಿವಿ ಒಣಗಂಗಿಲ್ಲ. ಕಾಲು ಇಟ್ಟಲ್ಲಿ ಜಿಗಣಿ. ತೋಟದಾಗ ಗಿಡದ ಕೊರಳಿಗೆ ಹೆಸರಿನ ಪಟ್ಟಿ ಕಟ್ಟ್ಯಾರ, ಜೇಲಿನ ಕೈದಿಗೆ ಕಟ್ಟಿದಂಗ. ಮ್ಯಾಲ ನೋಡಿದ್ರ ಟೊಂಗಿ ತುಂಬ ಬಾವಲಿ. ಅವು ತಲಿ ಮ್ಯಾಲ ಹೇಲಾಕತ್ತಾವ, ನಮ್ಮ ಸಾಹೇಬ್ರು ಬಾಯಿ ತಕ್ಕೊಂಡು ನೋಡಾಕತ್ತಾರ!"

"ಜಲಪಾತ?" ಎಂದು ಕಿರಾಣಿ ಅಂಗಡಿಯ ವೀರಣ್ಣ ಕೇಳಿದ. "ಸ್ವರ್ಗ ಇದ್ದಂಗ ಐತಿ ಅಂದ್ರು ಸಾಹೇಬ್ರು."

ಅಣ್ಣ ಮುಖ ಕಿವಿಚಿದ. "ಸ್ವರ್ಗ ಹಂಗಿದ್ರ ನಾ ಸಾಯೋದ ಇಲ್ಲ ಬಿಡ್ರಿ. ಅಷ್ಟು ನೀರು ಬೀಳ್ತೈತಿ, ಕೆಳಗ ಒಂದು ಹಿಡಿ ಜೋಳದ ಹೊಲ ಇಲ್ಲ. ಹೊಲಸು ನೀರು."

ಜನ ನಕ್ಕರು. ನಾನೂ ನಕ್ಕೆ. ಸಾಹೇಬರು ಜಲಪಾತದ ಫೋಟೊ ಒಂದನ್ನು ಬಂಗಲೆಯ ಗೋಡೆಗೆ ಹಾಕಿಸಿದ್ದರು. ಅತಿಥಿಗಳು ಬಂದಾಗ ಅಣ್ಣನನ್ನು ಕರೆದು ಅದರ ವರ್ಣನೆ ಮಾಡಿಸುತ್ತಿದ್ದರು. "ಭಾಳ ನೀರಿತ್ರಿ ಸರ್ಕಾರ್" ಎಂದಷ್ಟೇ ಹೇಳಿ, ಹೊರಗೆ ಬಂದು ಉಗುಳುತ್ತಿದ್ದ.

ಕೊಡ ಎತ್ತಲು ಮಾತ್ರ ನನ್ನನ್ನು ಮತ್ತೆ ಕರೆಯಲಿಲ್ಲ. ಗೋಡೆಗೆ ಮುಖ ಮಾಡಿ, ಮುಷ್ಟಿ ಬಿಗಿಹಿಡಿದು ಪೂಜೆಗೆ ಕೂರುತ್ತಿದ್ದ. ದಿನ ಬಿಟ್ಟು ದಿನ ಚಳಿಜ್ವರ. "ಆ ದ್ವೀಪದಾಗ ಏನ್ ತಿಂದು ಬಂದಾರೋ, ನನ್ನ ಕೈ ರೊಟ್ಟಿ ಸೇರವಲ್ದು" ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ಮುಂದೆ ಅತ್ತರು.

ಒಂದು ಮಧ್ಯಾಹ್ನ ಬೆವರಿಗೆ ತೊಯ್ದ ಅವನ ಅಂಗಿ ಬದಲಿಸುವಾಗ ಕರಡಿಗೆಯ ಮುಚ್ಚಳ ಕಳಚಿತು. ಒಳಗಿದ್ದದ್ದು ಲಿಂಗವಲ್ಲ, ಒಂದು ಕರಿ ಹರಳುಕಲ್ಲು. ಅಣ್ಣ ನನ್ನ ಮುಂಗೈ ಹಿಡಿದುಕೊಂಡ.

"ಆ ನೀರಿನ ಕೆಳಗ ಝಳಕಕ್ಕ ನಿಂತಿದ್ದೆ. ಮುಗಲಿಂದ ಬಿದ್ದಂಗ ಬೀಳಾಕತ್ತಿತ್ತು. ಶಿವಗ ಇಂಥಾ ಧಾರಿ ಎಲ್ಲಿ ಸಿಗಬೇಕು ಅಂತ ಲಿಂಗ ಹಿಡಿದು ಕೈ ಚಾಚಿದೆ. ಒಂದ ಏಟು, ತಮ್ಮಾ. ಕೈ ಖಾಲಿ. ಸಾಹೇಬ್ರು ಅತ್ತಾಗ ನಿಂತು ಪೋಟು ತೆಗಿಯಾಕತ್ತಿದ್ರು."

ಹುಟ್ಟಿದಾಗ ಗುರುಗಳು ಕಟ್ಟಿದ ಲಿಂಗ ಅದು. ಅದನ್ನು ಪೂಜಿಸದೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸತ್ತಾಗ ಅದನ್ನು ಕೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ.

"ಲಿಂಗ ಇಲ್ದ ಉಂಡೀನಿ. ನಿಮ್ಮ ವೈನಿ ಮುಂದ ಪೂಜಿ ಮಾಡಿದಂಗ ನಟಿಸಿ ಉಂಡೀನಿ. ನನ್ನ ಮೈ ನನಗ ಹೇಸಿಗಿ ಬಂದೈತಿ."

"ಮಸ್ಕಿ ಸ್ವಾಮಿಗಳ ಹತ್ರ ಹೋಗೂಣು. ಬ್ಯಾರೆ ಕಟ್ತಾರ."

"ಈ ಸೋಮವಾರ ಹೋಗೂಣು. ನೀನೂ ಬಾ. ಒಬ್ಬನ ಹೋಗಿ ಹೇಳಾಕ ನನಗ ಬಾಯಿ ಬರಂಗಿಲ್ಲ."

ಕಚೇರಿಯಲ್ಲಿ ತಪಾಸಣೆಯಿತ್ತು. ಮುಂದಿನ ಸೋಮವಾರ ಹೋಗೋಣ ಎಂದೆ. ಅವನು ತಲೆಯಾಡಿಸಿದ. ಆ ಸೋಮವಾರ ಕಳೆದ ಮೇಲೆ ಜ್ವರ ನೆತ್ತಿಗೇರಿತು; ಶನಿವಾರ ಬೆಳಗ್ಗೆ ತೀರಿಕೊಂಡ.

ಮಣ್ಣಿನ ದಿನ ಮಸ್ಕಿಯ ಸ್ವಾಮಿಗಳೇ ಬಂದಿದ್ದರು. "ಲಿಂಗ ಎಡಗೈಯಾಗ ಇಡ್ರಪ್ಪ" ಎಂದರು. ಬೇರೆ ಯಾರೂ ಮುಟ್ಟುವ ಮೊದಲು ನಾನೇ ಕುಣಿಗೆ ಇಳಿದೆ. ಹರಳುಕಲ್ಲನ್ನು ಅಂಗೈಯಲ್ಲಿಟ್ಟು, ವಿಭೂತಿ ಬಳಿದು, ಬಿಲ್ವಪತ್ರೆ ಮುಚ್ಚಿ, ಬೆರಳು ಮಡಿಚಿದೆ. ಯಾರಿಗೂ ಕಾಣಲಿಲ್ಲ.

"ಲಿಂಗ ಕೈಯಾಗ ಹಿಡಕೊಂಡ ಹೋದ್ರು, ಅದೊಂದು ಪುಣ್ಯ" ಎಂದು ವೈನಿ ಈಗಲೂ ಹೇಳುತ್ತಾರೆ. ನಾನು ಹೂಂ ಅನ್ನುತ್ತೇನೆ.

ಅಣ್ಣನ ಕೈಯಲ್ಲಿ ಲಿಂಗವಿಲ್ಲ.