ತವರೂರು ಕೇಳುವ ಕೌಂಟರ್

ಬೆಳಗಿನ ಆರೂಕಾಲು. ಮೇಟಗಳ್ಳಿಯ ಅರವತ್ತು ಹಾಸಿಗೆಯ ಈ ಆಸ್ಪತ್ರೆಯಲ್ಲಿ ಒರೆಸಿದ ನೆಲ ಇನ್ನೂ ಆರಿಲ್ಲ. ನೋಂದಣಿ ಕೌಂಟರಿನಲ್ಲಿ ಅಕ್ಷತಾ ಆಗಲೇ ಕಂಪ್ಯೂಟರ್ ಮುಂದೆ ಕೂತಾಗಿದೆ. ಜ್ವರದಲ್ಲಿ ನಡುಗುತ್ತ ಬಂದವರು ಪುಟ್ಟಬಸಮ್ಮ ಅಂತ ಹೆಸರು ಹೇಳುತ್ತಾರೆ. ಪರದೆ ಮೇಲೆ ಒಂಬತ್ತು ಪುಟ್ಟಬಸಮ್ಮಂದಿರು! ಅಕ್ಷತಾ ಗಲಿಬಿಲಿಯಾಗುವವರೇ ಅಲ್ಲ. "ತವರೂರು ಯಾವುದಮ್ಮ?" ಎನ್ನುತ್ತಾರೆ. ಉತ್ತರ ಟೈಪಾಗುತ್ತಿದ್ದಂತೆ ಎಂಟು ಮಂದಿ ಮಾಯವಾಗಿ ಸರಿಯಾದ ಕಡತ ಒಂದೇ ಉಳಿಯುತ್ತದೆ.

ಡಾಕ್ಟರ ಹೆಸರು ಬೋರ್ಡಿನ ಮೇಲಿರುತ್ತದೆ. ಕೌಂಟರಿನವರನ್ನು ಯಾರು ಕೇಳುತ್ತಾರೆ ಹೇಳಿ? ಆದರೆ ಸೂಜಿ ಎತ್ತುವ ಮುನ್ನ ಡಾಕ್ಟರು ನೋಡುವುದು ಈಕೆ ತೆರೆದ ಕಡತವನ್ನೇ. ಹಿಂದಿನ ಕಾಯಿಲೆ, ರಕ್ತ ಪರೀಕ್ಷೆ, ಒಗ್ಗದ ಔಷಧಿ ಎಲ್ಲ ಅದರಲ್ಲಿರುತ್ತದೆ. ದಿನಕ್ಕೆ ಇನ್ನೂರು ಜನರ ಕಡತ ತೆರೆಯುತ್ತಾರೆ.

ಹೂಟಗಳ್ಳಿಯ ಅಕ್ಷತಾಗೆ ಈಗ ನಲವತ್ತೊಂದು. ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಇಲ್ಲಿಗೆ ಬಂದು ಹದಿನೈದು ವರ್ಷವಾಯಿತು. ತವರೂರಿನ ಆ ಪ್ರಶ್ನೆ ಕಲಿಸಿದ್ದು ಅವರದೇ ಒಂದು ತಪ್ಪು. ಏಳು ವರ್ಷದ ಹಿಂದೆ ಬಂದಿದ್ದ ಅಂಬುಜಮ್ಮ ಎಂಬುವವರು ಗಂಡನ ಹೆಸರು ಬಾಯಿಬಿಟ್ಟು ಹೇಳುವವರಲ್ಲ. ಹುಟ್ಟಿದ ದಿನ, ಅದು ಗೊತ್ತಿಲ್ಲದ ಅರ್ಧ ಊರಿನಂತೆ, ದಾಖಲೆಯಲ್ಲಿ ಜನವರಿ ಒಂದು. ಮಗನ ಫೋನ್ ನಂಬರ್ ಬದಲಾಗಿತ್ತು. ಹಳೆಯ ಕಡತ ಸಿಗಲಿಲ್ಲವೆಂದು ಅಕ್ಷತಾ ಹೊಸದು ತೆರೆದುಬಿಟ್ಟರು. ಪೆನಿಸಿಲಿನ್ ಒಗ್ಗದು ಎಂಬ ಎಚ್ಚರಿಕೆ ಹಳೆಯದರಲ್ಲೇ ಉಳಿಯಿತು. ಸೂಜಿ ಚುಚ್ಚಿದ್ದಾಯಿತು, ಅಂಬುಜಮ್ಮ ಎರಡು ದಿನ ಐಸಿಯುನಲ್ಲಿದ್ದರು. ಪುಣ್ಯಕ್ಕೆ ಬದುಕಿಕೊಂಡರು.

"ಎರಡು ದಿನ ನನಗೆ ಅನ್ನ ಸೇರಲಿಲ್ಲ ಸಾರ್. ಮನೆ ಬದಲಾಗುತ್ತೆ, ಫೋನ್ ಬದಲಾಗುತ್ತೆ. ತವರೂರು ಬದಲಾಗಲ್ವಲ್ಲ. ಜ್ವರ ಇದ್ರೂ ಅದನ್ನ ಹೇಳೋವಾಗ ಮುಖ ಅರಳುತ್ತೆ," ಎನ್ನುತ್ತಾರೆ ಅಕ್ಷತಾ.

ಅಂದಿನಿಂದ ಖಾಲಿ ಬಿದ್ದಿದ್ದ ಷರಾ ಕಾಲಂನಲ್ಲಿ ತವರೂರು ಬರೆಯತೊಡಗಿದರು. ಗಂಡಸರಾದರೆ ಅವರ ತಾಯಿಯ ತವರೂರು. ಹನ್ನೊಂದು ಸಾವಿರ ಜನರದ್ದು ಸೇರಿತ್ತು. ಕಳೆದ ತಿಂಗಳು ಹೊಸ ಸಾಫ್ಟ್‌ವೇರ್ ಸಿದ್ಧವಾಯಿತು, ಅದರಲ್ಲಿ ಷರಾ ಕಾಲಮೇ ಇಲ್ಲ! ಗುರುತಿನ ಚೀಟಿ ಸಾಕಲ್ಲ ಮೇಡಂ ಅಂದ ಎಂಜಿನಿಯರ್ ನಿಶಾಂತ್ ಜೊತೆ ಅಕ್ಷತಾ ವಾದಕ್ಕಿಳಿಯಲಿಲ್ಲ, ಒಂದು ಬೆಳಿಗ್ಗೆ ಕೌಂಟರ್ ನೋಡಿಕೊಳ್ಳಲು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಅರ್ಧ ಜನ ಚೀಟಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಹತ್ತು ಗಂಟೆಯೊಳಗೆ ಆತ ಹಳೆಯ ರೋಗಿಗಳಿಗೇ ಹೊಸ ಕಡತ ತೆರೆಯಲು ಹೊರಟಿದ್ದು ಹನ್ನೊಂದು ಸಲ. ಅಷ್ಟೂ ಸಲ ಅಕ್ಷತಾ ಹಿಂದಿನಿಂದ ತವರೂರು ಕೇಳಿ, ಹಳೆಯ ಸಾಫ್ಟ್‌ವೇರಿನಲ್ಲಿ ಕಡತ ತೋರಿಸಿ ತಡೆದರು. ನಾಲ್ವರ ಹಳೆಯ ಕಡತದಲ್ಲಿ ಔಷಧಿಯ ಎಚ್ಚರಿಕೆ ಇತ್ತು. ನಿಶಾಂತ್ ಬೆವರೊರೆಸಿಕೊಂಡು ಎದ್ದು, ಕಾಲಂ ಸೇರಿಸಿಕೊಟ್ಟ. ಆ ಕಾಲಂ ಖಾಲಿ ಬಿಟ್ಟರೆ ಪರದೆ ಮುಂದೆ ಹೋಗದ ಹಾಗೆ ಮಾಡಪ್ಪ ಎಂಬುದು ಅಕ್ಷತಾರ ಉಳಿದಿರುವ ಒಂದೇ ಆಸೆ.

ಸೋಮವಾರ ಹೊಸ ಸಾಫ್ಟ್‌ವೇರ್ ಶುರುವಾದಾಗ ಹನ್ನೊಂದು ಸಾವಿರ ಜನರ ತವರೂರುಗಳೂ ಬಂದಿವೆಯೋ ಇಲ್ಲವೋ ಎಂದು ಎಲ್ಲರಿಗೂ ಅಳುಕು. ಅಕ್ಷತಾ ಮೊದಲು ಹುಡುಕಿದ್ದು ಅಂಬುಜಮ್ಮನವರನ್ನು. ತವರೂರು ಒತ್ತಿ, ಪರದೆ ಮೇಲೆ ತೆರೆದ ಕಡತವನ್ನು ಕೊನೆಯವರೆಗೂ ಓದಿದರು.

"ಅದೆ ಕಣ್ರೀ. ಪೆನಿಸಿಲಿನ್ ಕೊಡಬಾರದು ಅಂತ ಕೆಂಪಕ್ಷರದಲ್ಲೇ ಅದೆ."