ಅಮ್ಮನಿಗೆ ನಾನು ಕೌನ್ಸೆಲರ್ ಆದದ್ದು

ಇವತ್ತು ಬೆಳಿಗ್ಗೆ ಅಪ್ಪನ ಜಾಕೆಟ್ಟನ್ನು ಒಗೆಯಲು ಹಾಕುವಾಗ ಜೇಬಿನಿಂದ ಏಲಕ್ಕಿ ಉದುರಿತು. ನಿಮ್ಮ ಮನೆಯಲ್ಲಿ ಏಲಕ್ಕಿ ಪಾಯಸಕ್ಕೆ ಬೀಳುತ್ತದೆ. ನಮ್ಮ ಹ್ಯಾರಿಸ್‌ಡೇಲ್ ಮನೆಯಲ್ಲಿ ವಿಸ್ಕಿಯ ವಾಸನೆಯ ಮೇಲೆ. ಆ ಪರಿಮಳ ಬಂತೆಂದರೆ ಅಪ್ಪ ಗ್ಯಾರೇಜಿನಿಂದ ಬಂದರು ಅಂತಲೇ ಲೆಕ್ಕ. ಒಂದು ದೇವಸ್ಥಾನವೇ ತೂರಾಡುತ್ತ ಒಳಗೆ ಬಂದ ಹಾಗಿರುತ್ತದೆ.

ಅಪ್ಪ ಗಣಿಯಲ್ಲಿ ಜಿಯಾಲಜಿಸ್ಟ್. ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಅಲ್ಲಿ ದಿನಾ ಬೆಳಿಗ್ಗೆ ಮೆಷಿನ್ನಿಗೆ ಊದಬೇಕು. ಕುಡಿದದ್ದು ಗೊತ್ತಾದರೆ ಕೆಲಸ ಹೋಗುತ್ತದೆ. ಹಾಗಾಗಿ ಅಲ್ಲಿ ಋಷಿ. ಇಲ್ಲಿಗೆ ಬಂದರೆ ತಪಸ್ಸು ಮುಗಿಯಿತು. ನಮ್ಮ ಗ್ಯಾರೇಜಿನ ಫ್ರಿಜ್ಜಿನಲ್ಲಿ ಮೊಸರು ಇಡಬೇಕೆಂದರೆ ಬಾಟಲಿಗಳಿಗೆ ಅರ್ಜಿ ಹಾಕಬೇಕು.

ಹೋದ ವರ್ಷ ಅಮ್ಮನ ಡಾಕ್ಟರು, "ಕುಡಿಯುವವರ ಮನೆಯವರಿಗೂ ಕೌನ್ಸೆಲಿಂಗ್ ಇದೆ, ಹೋಗಿ ನೋಡಿ" ಎಂದರು. ಅಮ್ಮ ಸಾರು ಕುದಿಸುತ್ತ ಕುದಿಸುತ್ತ ಯೋಚಿಸಿದಳು. ಸಾರು ಪಲ್ಯವಾಯಿತು.

"ಎರಡು ವಾರ ಮುಟ್ಟೋದೇ ಇಲ್ಲ ಕಣೇ. ಕಾಯಿಲೆ ಆಗಿದ್ರೆ ಗಣಿಗೆ ಹೋದಾಗ ರಜಾ ತಗೊಳ್ಳುತ್ತಾ?"

"ಕಾಯಿಲೆಗೂ ಡ್ಯೂಟಿ ರೋಸ್ಟರ್ ಇರುತ್ತಮ್ಮ."

"ಸಾಕು ಸುಮ್ನಿರು. ಕುಡಿಯೋರು ಅವ್ರು, ಹೋಗೋದು ನಾನಾ?"

ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ. ಅವಳಿಗೆ ಫೋನ್ ಹೋಯಿತು. "ಅಯ್ಯೋ ಅಕ್ಕಾ, ಅಲ್ಲಿಗೆ ಹೋದೋರು ಡೈವೋರ್ಸ್ ತಗೊಂಡೇ ಬರೋದು. ಸತ್ಯನಾರಾಯಣ ಪೂಜೆ ಮಾಡ್ಸು. ಭಾವನ್ನೇ ಕೂರ್ಸು."

ಪೂಜೆಯೂ ಆಯಿತು. ಅಪ್ಪ ಕೂತರು. ಏಳಿಸಲು ಇಬ್ಬರು ಅಂಕಲ್‌ಗಳು ಬೇಕಾದರು.

ಆಮೇಲೆ ಅಮ್ಮ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಕ್ಯಾನ್ಸಲ್ ಮಾಡಿದಳು. ಮತ್ತೆ ತೆಗೆದುಕೊಂಡಳು, ಮತ್ತೆ ಕ್ಯಾನ್ಸಲ್. "ಆ ಕೌನ್ಸೆಲರ್ ಮುಂದೆ ಏನಂತ ಶುರು ಮಾಡ್ಲಿ?" ಎನ್ನುವುದೇ ಅವಳ ಚಿಂತೆ. ಮತ್ತೆ ನಾನು ಇರುವುದು ಯಾಕೆ? ಅಪ್ಪನ ಟೈ ಬಿಗಿದುಕೊಂಡು, ಡೈನಿಂಗ್ ಟೇಬಲ್ಲಿನ ಹಿಂದೆ ಕೂತು, ಮೂಗಿನಿಂದ ಗಂಭೀರವಾದ ಧ್ವನಿಯೊಂದನ್ನು ಹೊರಡಿಸಿದೆ.

"ಹೇಳಿ ಮೇಡಂ, ಏನು ಪ್ರಾಬ್ಲಮ್ಮು?"

ಅಮ್ಮ ದುಪಟ್ಟಾ ಸರಿಮಾಡಿಕೊಂಡಳು. "ನಮ್ಮೋರು ತುಂಬಾ ಒಳ್ಳೆಯವ್ರು. ಒಳ್ಳೆ ಕೆಲಸ, ಸ್ವಂತ ಮನೆ..."

"ಮೇಡಂ, ಇದು ವಧೂ-ವರರ ಕೇಂದ್ರ ಅಲ್ಲ."

ಅಮ್ಮ ನಕ್ಕಳು. ನಾನು ಇನ್ನಷ್ಟು ಉಬ್ಬಿದೆ. "ಮನೇಲಿ ಮಕ್ಕಳಿದಾರಾ?"

"ಒಬ್ಳೇ ಮಗಳು. ಎಲ್ಲದಕ್ಕೂ ತಮಾಷೆ ಮಾಡ್ತಾಳೆ." ಅಮ್ಮ ಟೈ ನೋಡುತ್ತ ಮಾತಾಡುತ್ತಿದ್ದಳು. "ಇವ್ರು ಮನೇಲಿದ್ದ ವಾರ ಅವಳು ನಿದ್ದೆ ಮಾಡಲ್ಲ. ಅವ್ರು ಗ್ಯಾರೇಜಿಂದ ಬಂದು ಮಲಗೋವರ್ಗೂ ಕಣ್ಣು ಬಿಟ್ಕೊಂಡಿರ್ತಾಳೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ."

ಕೌನ್ಸೆಲರ್ ಸಾಹೇಬರು ಟೈ ಬಿಚ್ಚಿಟ್ಟರು. ಮೂರನೆಯ ಅಪಾಯಿಂಟ್‌ಮೆಂಟನ್ನು ಅಮ್ಮ ಕ್ಯಾನ್ಸಲ್ ಮಾಡಲಿಲ್ಲ.

ಅಪ್ಪ ಇನ್ನೂ ಕುಡಿಯುತ್ತಾರೆ. ಆದರೆ ಊಟಕ್ಕೆ ಕರೆದವರಿಗೆ "ಅವ್ರಿಗೆ ಜ್ವರ" ಎನ್ನುವುದನ್ನು ಅಮ್ಮ ಬಿಟ್ಟಿದ್ದಾಳೆ. ಇವತ್ತು ಮಧ್ಯಾಹ್ನವೂ ಥಾರ್ನ್ಲಿಯಲ್ಲಿರುವ ಕೌನ್ಸೆಲರ್ ಹತ್ತಿರ ಹೋಗಿದ್ದಳು. ನಾನು ಕಾರಿನಲ್ಲಿ ಕಾಯುತ್ತಿದ್ದೆ. ಬಂದು ಕೂತವಳು ಸ್ಟಿಯರಿಂಗ್ ಹಿಡಿದುಕೊಂಡು ಅಂದಳು: "ಮುಂದಿನ ಸಲ ನಿನ್ನನ್ನೂ ಕರ್ಕೊಂಡು ಬನ್ನಿ ಅಂದ್ರು."

ನನ್ನ ಬಾಯಿಗೆ ಎರಡು ಜೋಕ್ ಬಂದವು. ಎರಡೂ ಚೆನ್ನಾಗಿಯೇ ಇದ್ದವು.

"ಬರ್ತೀನಮ್ಮ" ಎಂದೆ.